ಮೊಡವೆ ಮುಖಕ್ಕೆ ಫೇಶಿಯಲ್: ಕುರ್ಚಿಯಲ್ಲಿ ಒರಗುವ ಮೊದಲು

ಬಳ್ಳಾರಿಯಲ್ಲಿ ಮೊಡವೆಗೆ ಕಾರಣ ಹುಡುಕುವವರಿಲ್ಲ, ಧೂಳು ಇದ್ದೇ ಇದೆಯಲ್ಲ. ಸಂಡೂರಿನ ಅದಿರು ಲಾರಿಯ ಹಿಂದೆ ಸ್ಕೂಟರ್ ಓಡಿಸಿಕೊಂಡು ಬಂದು ಮುಖ ಒರೆಸಿದರೆ ಬಿಳಿ ಕರವಸ್ತ್ರ ಕೆಂಪಾಗುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಗಳೂ ಅದೇ ಧೂಳೆಂದು ಕಡಲೆಹಿಟ್ಟು ಹಾಕಿ ಉಜ್ಜುವವರಿದ್ದಾರೆ. ಅದು ಧೂಳಲ್ಲ. ರೋಮಕೂಪದೊಳಗೆ ಜಿಡ್ಡೂ ಸತ್ತ ಜೀವಕೋಶಗಳೂ ಸೇರಿ ಗಟ್ಟಿಯಾದ ಬಿರಡೆ. ಬಾಯಿ ತೆರೆದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ, ಅದು ಬ್ಲ್ಯಾಕ್‌ಹೆಡ್. ಮುಚ್ಚಿಕೊಂಡಿದ್ದರೆ ವೈಟ್‌ಹೆಡ್. ಉಜ್ಜಿದಷ್ಟೂ ಕೆರಳುವುದು ಸುತ್ತಲಿನ ಚರ್ಮವೇ ಹೊರತು ಬಿರಡೆ ಕದಲುವುದಿಲ್ಲ.

ಹಾಗಾದರೆ ಪಾರ್ಲರಿಗೆ ಹೋಗಬಹುದೇ? ಹೋಗಬಹುದು, ಮುಖದಲ್ಲಿರುವುದು ಹೆಚ್ಚಾಗಿ ಕಪ್ಪು-ಬಿಳಿ ಚುಕ್ಕೆಗಳಾಗಿದ್ದರೆ. ಒತ್ತಿದರೆ ನೋಯುವ ಗಂಟು, ಕೀವು, ಹಳ್ಳ ಬೀಳುತ್ತಿರುವ ಕಲೆ ಇದ್ದರೆ ಆ ದುಡ್ಡನ್ನು ಚರ್ಮವೈದ್ಯರಿಗೆ ಕೊಡಿ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಅಂದರೆ ಊರಿನವರು ಈಗಲೂ ವಿಮ್ಸ್ ಎನ್ನುವಲ್ಲಿ, ಚರ್ಮರೋಗ ವಿಭಾಗವಿದೆ.

ಮೊದಲು ಬಾಯಿಬಿಟ್ಟು ಹೇಳಿ

ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೀರಾ, ರಾತ್ರಿ ಅಡಾಪಲೀನ್ ಮುಲಾಮು ಹಚ್ಚುತ್ತಿದ್ದೀರಾ, ಗರ್ಭಿಣಿಯೇ ಎಂಬುದನ್ನು ಪಾರ್ಲರಿನವರು ಕೇಳದಿದ್ದರೂ ನೀವೇ ಹೇಳಬೇಕು. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ‘ಬೆಳ್ಳಗಾಗುವ ಕ್ರೀಮ್’ ಬಳಸುತ್ತಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಅಂಥ ಟ್ಯೂಬುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಚರ್ಮ ತೆಳುವಾಗಿ, ಸಣ್ಣ ಶಾಖಕ್ಕೂ ಕೆಂಪಾಗುತ್ತದೆ. ಮೊಡವೆಯನ್ನೂ ಅದೇ ಎಬ್ಬಿಸುತ್ತದೆ.

ಆಮೇಲೆ ಕೇಳಬೇಕಾದದ್ದು ‘ಕ್ಲೀನಪ್’, ಗೋಲ್ಡ್ ಫೇಶಿಯಲ್ ಅಲ್ಲ. ತಂಗಿಯ ಮದುವೆಗೆ ಎರಡು ದಿನ ಇರುವಾಗ ನಾನು ಹೊಳಪಿನ ಆಸೆಗೆ ಅದನ್ನೇ ಮಾಡಿಸಿಕೊಂಡಿದ್ದೆ. ಅರ್ಧ ಗಂಟೆ ಜಿಡ್ಡು ಕ್ರೀಮಿನ ಮಸಾಜ್, ನಿದ್ದೆಯೂ ಬಂದಿತ್ತು. ಅಕ್ಷತೆಯ ಹೊತ್ತಿಗೆ ಬಲಗೆನ್ನೆ ತುಂಬ ಗುಳ್ಳೆ. ಆಲ್ಬಮ್ಮಿನ ಪ್ರತಿ ಫೋಟೊದಲ್ಲೂ ಎಡಗೆನ್ನೆಯನ್ನೇ ಮುಂದೆ ಮಾಡಿ ನಿಂತಿದ್ದೇನೆ.

ಕುರ್ಚಿಯಲ್ಲಿ

ಮುಖ ತೊಳೆದ ಮೇಲೆ ಹಬೆ. ಐದು ನಿಮಿಷ ಸಾಕು, ಬೆವರಿಳಿಯುವವರೆಗೆ ಕೂರಿಸುವುದು ಬೇಡ. ಹಬೆಯಿಂದ ರಂಧ್ರಗಳು ‘ತೆರೆಯುವುದಿಲ್ಲ’, ಅವಕ್ಕೆ ಬಾಗಿಲಿಲ್ಲ. ಬಿರಡೆಯೂ ಮೇಲ್ಚರ್ಮವೂ ಮೆತ್ತಗಾಗುತ್ತವೆ, ಅಷ್ಟೆ. ಸ್ಕ್ರಬ್ ಡಬ್ಬಿ ಹೊರಬಂದರೆ ಬೇಡವೆನ್ನಿ. ಅದರ ಬದಲು ಸ್ಯಾಲಿಸಿಲಿಕ್ ಆಮ್ಲವಿರುವ ದ್ರಾವಣ ಒಳ್ಳೆಯದು. ಎಣ್ಣೆಯಲ್ಲಿ ಕರಗುವ ಗುಣದಿಂದ ಅದು ಜಿಡ್ಡಿನ ಜೊತೆಗೇ ಕೂಪದೊಳಗೆ ಇಳಿಯುತ್ತದೆ.

ನಂತರದ್ದೇ ನಿಜವಾದ ಕೆಲಸ: ಬಿರಡೆ ತೆಗೆಯುವುದು. ಮೊದಲು ಅವರ ಕೈ ನೋಡಿ. ಹೊಸ ಕೈಗವಸು ಇರಬೇಕು. ತುದಿಯಲ್ಲಿ ಉಂಗುರವಿರುವ ಸಣ್ಣ ಸ್ಟೀಲ್ ಕಡ್ಡಿಯನ್ನು ನಿಮ್ಮೆದುರೇ ಶುದ್ಧ ಮಾಡಿರಬೇಕು. ಹಿಂದಿನವರ ಮುಖ ಒರೆಸಿದ ಟವೆಲಿಗೆ ತಿಕ್ಕಿದರೆ ಶುದ್ಧವಾಗುವುದಿಲ್ಲ. ಉಂಗುರದ ನಡುವೆ ಚುಕ್ಕೆ ಬರುವಂತೆ ಇಟ್ಟು, ನೇರ ಕೆಳಕ್ಕೆ ಮೆಲ್ಲನೆ ಅದುಮಿದರೆ ರವೆ ಕಾಳಿನಂಥದ್ದು ಜಾರಿ ಮೇಲೆ ಬರುತ್ತದೆ. ಎರಡು ಸಲಕ್ಕೂ ಬಾರದಿದ್ದರೆ ಬಿಟ್ಟುಬಿಡಬೇಕು. ಕೆಂಪಾಗಿ ಊದಿದ ಮೊಡವೆಯನ್ನು ಮುಟ್ಟುವಂತೆಯೇ ಇಲ್ಲ. ಹಿಂಡಿದರೆ ಒಳಗೋಡೆ ಒಡೆದು ಕೀವು ಆಳಕ್ಕಿಳಿಯುತ್ತದೆ, ಕಲೆ ಉಳಿಯುತ್ತದೆ. ಸೂಜಿಯಿಂದ ಬಾಯಿ ಬಿಡಿಸಬೇಕಾದ ವೈಟ್‌ಹೆಡ್ ವೈದ್ಯರ ಪಾಲಿಗಿರಲಿ. ಮೂಗಿನಿಂದ ಬರುವ ತಿಳಿಹಳದಿ ಎಳೆಗಳನ್ನು ತೋರಿಸಿ ‘ನೋಡಿ ಮೇಡಂ, ಎಷ್ಟು ಕೊಳೆ’ ಎಂದರೆ ಹೆದರಬೇಡಿ. ಅವು ಎಲ್ಲರ ಮೂಗಿನಲ್ಲೂ ಇರುತ್ತವೆ, ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತವೆ.

ಕೊನೆಗೆ ಜೇಡಿಮಣ್ಣಿನ ಲೇಪ, ಜಿಡ್ಡಿಲ್ಲದ ಮಾಯಿಶ್ಚರೈಸರ್, ಹಗಲಾದರೆ ಸನ್‌ಸ್ಕ್ರೀನ್. ‘ಹೇಗೂ ಬಂದಿದ್ದೀರಿ’ ಎಂದು ಬ್ಲೀಚ್, ಥ್ರೆಡಿಂಗ್ ಸೇರಿಸಿದರೆ ಇನ್ನೊಂದು ದಿನ ಎನ್ನಿ.

ಪೀಲ್ ಬೇರೆಯೇ ಮಾತು

ಪೀಲ್ ಎಂದರೆ ಆಮ್ಲ ಹಚ್ಚಿ ಮೇಲ್ಚರ್ಮದ ಪದರ ಸುಲಿಸುವುದು. ಮನೆಯ ಫೇಸ್‌ವಾಶಿನಲ್ಲಿ ಸ್ಯಾಲಿಸಿಲಿಕ್ ಆಮ್ಲ ಶೇ 2ರಷ್ಟಿದ್ದರೆ, ಪೀಲಿನಲ್ಲಿ ಶೇ 20ರಿಂದ 30ರಷ್ಟಿರುತ್ತದೆ. ಅದನ್ನು ಚರ್ಮವೈದ್ಯರ ಬಳಿಯೇ ಮಾಡಿಸಬೇಕು. ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣದ ಚರ್ಮಕ್ಕೆ ಸಣ್ಣ ಸುಟ್ಟಗಾಯವಾದರೂ ಕಪ್ಪುಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಕೆಲಸ ಬಿಸಿಲಲ್ಲಾದರೆ ಪೀಲನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮದುವೆಯಿದ್ದವರು ಯಾವ ಹೊಸ ಪ್ರಯೋಗವನ್ನೂ ಕೊನೆಯ ಮೂರು ವಾರದಲ್ಲಿ ಮಾಡದಿರುವುದು ಕ್ಷೇಮ.

ಮನೆಗೆ ಬಂದ ಮೇಲೆ

ಎರಡು ದಿನ ಮೇಕಪ್ ಬೇಡ, ಮೊಡವೆ ಮುಲಾಮುಗಳೂ ಬೇಡ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗೆ ಹೊರಟರೆ ದುಪಟ್ಟಾ ಸುತ್ತಿಕೊಳ್ಳಿ. ಆ ದುಪಟ್ಟಾ ದಿನವೂ ಒಗೆದದ್ದಾಗಿರಲಿ.

ಕ್ಲೀನಪ್ ನಾಲ್ಕು ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಅದು ತುಂಬಿದ್ದನ್ನು ಖಾಲಿ ಮಾಡುತ್ತದೆ, ತುಂಬುವುದನ್ನು ತಡೆಯುವುದಿಲ್ಲ. ತಡೆಯುವುದು ವೈದ್ಯರು ಬರೆದುಕೊಡುವ ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥವು. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು, ಹದಿನೈದು ದಿನಕ್ಕೆ ಟ್ಯೂಬ್ ಎಸೆಯಬೇಡಿ. ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿ ಮಲಗುವವರು ಹಳೆಯ ಬಿಳಿ ದಿಂಬಿನ ಚೀಲ ಹಾಕಿಕೊಳ್ಳಿ. ತಾಗಿದ ಕಡೆಯೆಲ್ಲ ಬಟ್ಟೆಯ ಬಣ್ಣ ಹೋಗುತ್ತದೆ. ಜೀನ್ಸ್‌ಗೆ ಬ್ಲೀಚ್ ಹೊಡೆದು ಬದುಕುವ ಊರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?