ಮಲೆನಾಡಿಗೆ ಎಂಥ ಸ್ಪಾಟಿಂಗ್ ಸ್ಕೋಪ್?

ಸ್ಪಾಟಿಂಗ್ ಸ್ಕೋಪ್ ಅಂದರೆ ದೂರದ ಹಕ್ಕಿ ನೋಡಲು ಟ್ರೈಪಾಡ್ ಮೇಲಿಡುವ ಒಂಟಿ ಕೊಳವೆಯ ದುರ್ಬೀನು. ಆಗುಂಬೆಯಂಥ ದಟ್ಟ ಕಾಡಿಗೆ ಅದು ಬೇಡ, 8×42 (8 ಪಟ್ಟು, 42 ಮಿ.ಮೀ. ಗಾಜು) ಬೈನಾಕ್ಯುಲರ್ ಸಾಕು. ಸ್ಕೋಪ್ ಬೇಕಾಗುವುದು ಮಂಡಗದ್ದೆ, ಗುಡವಿ ಪಕ್ಷಿಧಾಮ, ಶರಾವತಿ ಹಿನ್ನೀರಿನಂಥ ತೆರೆದ ಜಾಗಕ್ಕೆ.

ಅಂಗಡಿಯಲ್ಲಿ 60 ಪಟ್ಟು ಜೂಮ್ ಅಂತ ಆಸೆ ಹುಟ್ಟಿಸುತ್ತಾರೆ. ಸುಮ್ನೆ ಲೆಕ್ಕ ಹಾಕಿ. ಮುಂದಿನ ಗಾಜಿನ ಅಗಲವನ್ನು ಜೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ ಸಿಗುತ್ತದೆ. 60 ಮಿ.ಮೀ. ಗಾಜಿಗೆ 20 ಪಟ್ಟಿನಲ್ಲಿ ಅದು 3 ಮಿ.ಮೀ., 60 ಪಟ್ಟಿನಲ್ಲಿ ಬರೀ 1. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದೇ ಮಳೆಗಾಲದಲ್ಲಿ, ಮೋಡದ ಮಬ್ಬಿನಲ್ಲಿ 1 ಮಿ.ಮೀ. ಕಿಂಡಿಯಲ್ಲಿ ಮರಿಯ ಕೊಕ್ಕೂ ಸರಿಯಾಗಿ ಕಾಣುವುದಿಲ್ಲ. ಬಿಸಿಲಿದ್ದರೆ ನೀರಿನ ಮೇಲಿನ ಗಾಳಿಯೇ ನಡುಗುತ್ತದೆ, ಆಗಲೂ ಜಾಸ್ತಿ ಜೂಮ್ ದಂಡ. ನನ್ನ ಆಯ್ಕೆ 65ರಿಂದ 80 ಮಿ.ಮೀ. ಗಾಜು, 20ರಿಂದ 40 ಪಟ್ಟು.

ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದ, ವಾಟರ್‌ಪ್ರೂಫ್ ಸ್ಕೋಪನ್ನೇ ಕೇಳಿ. ನಮ್ಮ ಥಂಡಿಗೆ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ. ಮನೆಮಂದಿಯೆಲ್ಲ ನೋಡುವುದಾದರೆ ಕಣ್ಣಿಡುವ ಭಾಗ ಓರೆಯಾಗಿರುವುದು ಅನುಕೂಲ, ಪ್ರತಿ ಸಲ ಎತ್ತರ ಬದಲಿಸಬೇಕಿಲ್ಲ. ಟ್ರೈಪಾಡ್‌ಗೆ ಮಾತ್ರ ಜುಗ್ಗತನ ಬೇಡ.

ಬೇಟೆಯ ಹೆಸರಲ್ಲಿ ಮಾರುವ ಮಾಡೆಲ್‌ಗಳೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆಗೆ ನಿಷೇಧವಿದೆ, ಆದರೆ ಅದೇ ಸ್ಕೋಪಿನಲ್ಲಿ ಹಕ್ಕಿ ನೋಡಲು ಅಡ್ಡಿಯಿಲ್ಲ ಅಲ್ವಾ!