ಮುಳ್ಳು ಮಧ್ಯದಲ್ಲೇ ಇದೆ, ಎಂಜಿನ್ ಎಷ್ಟು ಬಿಸಿ?

ಹಾಸನದಿಂದ ಮಂಗಳೂರಿಗೆ ನಾನು ಆಗಾಗ ಕಾರಿನಲ್ಲಿ ಹೋಗಿಬರುತ್ತೇನೆ. ವಾಪಸ್ ಬರುವಾಗ ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟ್ ಏರಬೇಕು. ಏಪ್ರಿಲ್ ಸೆಕೆ, ಎ.ಸಿ. ಆನ್, ಮುಂದೆ ಲೋಡ್ ತುಂಬಿದ ಟ್ಯಾಂಕರ್, ಎರಡನೇ ಗೇರಿನಲ್ಲಿ ತೆವಳುವ ಕಾರು. ಇಷ್ಟಾದರೂ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಧ್ಯದಿಂದ ಕೂದಲಷ್ಟೂ ಕದಲುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಚನ್ನರಾಯಪಟ್ಟಣದ ಕಡೆ ಹೈವೇಯಲ್ಲಿ ಆರಾಮಾಗಿ ಹೋಗುವಾಗಲೂ ಅದೇ ಜಾಗ. ಎರಡೂ ಕಡೆ ಎಂಜಿನ್ ಬಿಸಿ ಒಂದೇ ಇರಲು ಸಾಧ್ಯವಿಲ್ಲ ಅಲ್ವಾ? ಅಳೆದೇ ನೋಡೋಣ ಎಂದು ಹೊರಟೆ.

ಅಳೆಯುವುದು ಕಷ್ಟವೇನಲ್ಲ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ (ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚಿ ಕಾರಿನ ದೋಷ ಓದುವ ಜಾಗ) ಇರುತ್ತದೆ. ಅದಕ್ಕೆ ಇಎಲ್ಎಂ327 ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಟಾರ್ಕ್ ಆ್ಯಪ್ ತೆರೆದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ನೋಡುತ್ತಿರುವ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ ನಮಗೂ ಕಾಣುತ್ತದೆ. ಇಸಿಯು ಕಳಿಸುವುದು 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದರಲ್ಲಿ 40 ಕಳೆದರೆ ಡಿಗ್ರಿ ಸೆಲ್ಸಿಯಸ್. 130 ಬಂದರೆ 90 ಡಿಗ್ರಿ. ಆ್ಯಪ್ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ.

ಆದರೆ ಆ ಅಂಕಿಯನ್ನು ನಂಬುವುದಕ್ಕೆ ಮುಂಚೆ ಸೆನ್ಸರ್ ಸರಿ ಇದೆಯಾ ಎಂದು ನೋಡಬೇಕು. ನಾನು ಮಾಡಿದ್ದು ಬಹಳ ಸುಲಭದ ಪರೀಕ್ಷೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದೆ. ಕೂಲೆಂಟ್ ತಾಪಮಾನ 21, ಒಳಗೆ ಹೋಗುವ ಗಾಳಿಯ ತಾಪಮಾನ 22. ಎರಡೂ ಬೇರೆ ಬೇರೆ ಸೆನ್ಸರ್, ಎರಡೂ ಒಂದೇ ಮಾತು ಹೇಳುತ್ತಿವೆ. ಬಿಸಿಯಾದ ಮೇಲೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹೌಸಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಇಲ್ಲೊಂದು ಎಚ್ಚರಿಕೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ತೀರಾ ಕಡಿಮೆ ತೋರಿಸುತ್ತದೆ. ಮೊದಲೇ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆದರೆ ಸರಿಯಾದ ಅಂಕಿ ಬರುತ್ತದೆ. ನನಗೆ ಫೋನಿನ ಅಂಕಿಗೂ ಟೇಪಿನ ಅಂಕಿಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬಂತು. ಹೊರಮೈಯಲ್ಲಿ ಅಳೆಯುವಾಗ ಅಷ್ಟು ಇದ್ದೇ ಇರುತ್ತದೆ.

ಇನ್ನು ಮುಳ್ಳಿನ ಸರದಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಎರಡನ್ನೂ ನೋಡುತ್ತಾ ಕೂತೆ. 50 ದಾಟಿದ ಮೇಲೆ ಮುಳ್ಳು ಏಳತೊಡಗಿತು. 75ಕ್ಕೆ ಮಧ್ಯಕ್ಕೆ ಬಂದು ನಿಂತಿತು. ಅಂಕಿ 80, 85, 90 ಎಂದು ಏರುತ್ತಲೇ ಇತ್ತು, ಮುಳ್ಳು ಅಲ್ಲೇ.

ಹಾಗಾದರೆ ಮೇಲಕ್ಕೆ ಯಾವಾಗ ಹೋಗುತ್ತದೆ? ಅದನ್ನು ತಿಳಿಯಲು ಎಂಜಿನನ್ನು ಕುದಿಸಬೇಕಾಗಿಲ್ಲ. ಕೂಲೆಂಟ್ ಸೆನ್ಸರ್ ಎಂದರೆ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಒಂದು ಥರ್ಮಿಸ್ಟರ್, ಅಷ್ಟೇ. ನನ್ನ ಕಾರಿನದು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 100ರ ಹತ್ತಿರ 180 ಓಮ್. ಎಂಜಿನ್ ಆಫ್ ಇಟ್ಟು, ಸೆನ್ಸರಿನ ಎರಡು ಪಿನ್ನಿನ ಕನೆಕ್ಟರ್ ಬಿಚ್ಚಿ, ಅದರ ಜಾಗದಲ್ಲಿ 5 ಕಿಲೋಓಮಿನ ಪೊಟೆನ್ಷಿಯೋಮೀಟರ್ (ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ ಸಾಧನ) ಜೋಡಿಸಿದೆ. ಕೀ ಆನ್ ಮಾಡಿ ತಿರುಗಣೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದಂತೆ ಇಸಿಯು ಎಂಜಿನ್ ಬಿಸಿಯಾಗುತ್ತಿದೆ ಎಂದೇ ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುತ್ತದೆ, ಕೈ ಅದರ ಹತ್ತಿರ ಇರಬಾರದು. ಕೊನೆಗೊಮ್ಮೆ ಎರರ್ ಕೋಡ್ ಬಿದ್ದಿದ್ದರೆ ಅದೇ ಆ್ಯಪ್‌ನಿಂದ ಅಳಿಸಬಹುದು.

ಫೋನಿನಲ್ಲಿ 100. ಮುಳ್ಳು ಮಧ್ಯ. 105, ಮಧ್ಯ. 110 ಆದರೂ ಮಧ್ಯ. 113ಕ್ಕೆ ಮೊದಲ ಸಲ ಅಲುಗಾಡಿತು. ಅಲ್ಲಿಂದ ಮುಂದೆ ಸರಸರನೆ ಏರಿ 120ರ ಒಳಗೆ ಕೆಂಪಿಗೆ ಮುಟ್ಟಿತು. ಅಂದರೆ 75ರಿಂದ 112ರವರೆಗೆ, ಹತ್ತಿರಹತ್ತಿರ 40 ಡಿಗ್ರಿಗೆ, ಒಂದೇ ಜಾಗ.

ಗೇಜ್ ಕೆಟ್ಟಿಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಳೆಯ ಕಾರುಗಳಲ್ಲಿ ಸೆನ್ಸರಿನಿಂದ ನೇರವಾಗಿ ಗೇಜಿಗೆ ವೈರ್. ಘಾಟ್ ಹತ್ತಿದರೆ ಮುಳ್ಳೂ ಹತ್ತುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಈಗ ಮಧ್ಯದಲ್ಲಿ ಕಂಪ್ಯೂಟರ್ ಕೂತಿದೆ. ಮುಳ್ಳು ಸ್ವಲ್ಪ ಅತ್ತಿತ್ತ ಆಡಿದರೂ ಜನ ಹೆದರಿ ಸರ್ವಿಸ್ ಸೆಂಟರಿಗೆ ಬರುತ್ತಾರೆ ಎಂದು, ಮಾಮೂಲಿ ವ್ಯಾಪ್ತಿಯೆಲ್ಲ ಮಧ್ಯದಲ್ಲೇ ಕಾಣುವಂತೆ ಪ್ರೋಗ್ರಾಂ ಮಾಡುತ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಕೆಲವು ಮಾಡೆಲ್‌ಗಳಲ್ಲಂತೂ ಮಧ್ಯದಲ್ಲಿ 90 ಎಂದು ಅಂಕಿಯನ್ನೇ ಬರೆದಿರುತ್ತಾರೆ. ಅದನ್ನು ನೋಡಿದವರಿಗೆ ಎಂಜಿನ್ ಕರೆಕ್ಟಾಗಿ 90ರಲ್ಲೇ ಇದೆ ಅನ್ನಿಸುತ್ತದೆ. ಹೆದರಿಕೆ ತಪ್ಪಿಸುವುದು ಒಳ್ಳೆಯದೇ. ಆದರೆ ಕಾರನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಂದ ಇಷ್ಟೊಂದು ಮುಚ್ಚಿಡುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಯಾಕೆ ಅಂದರೆ ಅದೇ ಪರೀಕ್ಷೆಯಲ್ಲಿ ನನಗೆ ಇನ್ನೊಂದು ವಿಷಯ ಸಿಕ್ಕಿತು.

ನನ್ನ ಕಾರಿನ ಫ್ಯಾನಿಗೆ ಎರಡು ಸ್ಪೀಡ್. ತಿರುಗಣೆ 96ಕ್ಕೆ ಬಂದಾಗ ಫ್ಯಾನಿಗೆ ಕರೆಂಟ್ ಕೊಡುವ ರಿಲೇ ಸ್ವಿಚ್ 'ಟಕ್' ಎಂದಿತು, ಫ್ಯಾನ್ ಮಾತ್ರ ತಿರುಗಲಿಲ್ಲ. 103 ದಾಟಿದಾಗ ಒಮ್ಮೆಲೇ ಭರ್ರೆಂದು ಫುಲ್ ಸ್ಪೀಡಿನಲ್ಲಿ ತಿರುಗಿತು. ಕಡಿಮೆ ಸ್ಪೀಡೇ ಇರಲಿಲ್ಲ! ಸಂಜೆ ಎನ್.ಆರ್. ಸರ್ಕಲ್ ಟ್ರಾಫಿಕ್ಕಿನಲ್ಲಿ ಎ.ಸಿ. ಹಾಕಿ ನಿಂತಾಗ ಅಂಕಿ 104ಕ್ಕೆ ಏರುವುದು, ಫ್ಯಾನ್ ಅಬ್ಬರಿಸುವುದು, 97ಕ್ಕೆ ಇಳಿಯುವುದು, ಮತ್ತೆ ಏರುವುದು. ಕಾರು ನಿಂತಾಗ ಎ.ಸಿ. ಗಾಳಿ ಬೆಚ್ಚಗಾಗುತ್ತಿದ್ದುದಕ್ಕೂ ಇದೇ ಕಾರಣ. ಹಿಂದೆ ಒಬ್ಬ ಮೆಕ್ಯಾನಿಕ್ "ಮುಳ್ಳು ಮಧ್ಯದಲ್ಲೇ ಇದೆಯಲ್ಲ ಸಾರ್, ಕೂಲಿಂಗ್ ಚೆನ್ನಾಗಿದೆ, ಗ್ಯಾಸ್ ತುಂಬಿಸಿ" ಎಂದಿದ್ದರು. ಸುಟ್ಟಿದ್ದು ಫ್ಯಾನಿನ ಕಡಿಮೆ ಸ್ಪೀಡಿಗೆ ಬೇಕಾದ ರೆಸಿಸ್ಟರ್. ಸಣ್ಣ ಸಾಮಾನು. ಬದಲಾಯಿಸಿದ ಮೇಲೆ ಅದೇ ಟ್ರಾಫಿಕ್ಕಿನಲ್ಲಿ 93ರಿಂದ 97. ಶಿರಾಡಿಯಲ್ಲಿ ಎ.ಸಿ. ಹಾಕಿಕೊಂಡೇ ಹತ್ತಿದರೂ 101 ದಾಟುವುದಿಲ್ಲ.

100 ಎಂದು ಕಂಡ ಕೂಡಲೇ ನೀರು ಕುದಿಯುತ್ತಿದೆ ಎಂದು ಗಾಬರಿ ಬೇಡ. ಹಾಸನದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97ರ ಹತ್ತಿರವೇ ಕುದಿಯುತ್ತದೆ, ನಿಜ. ಆದರೆ ಕೂಲಿಂಗ್ ಸಿಸ್ಟಂ ಕುಕ್ಕರ್ ಇದ್ದ ಹಾಗೆ, ರೇಡಿಯೇಟರ್ ಕ್ಯಾಪ್ ಅದರ ವೆಯ್ಟ್. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್, ಜೊತೆಗೆ ಸುಮಾರು 1 ಬಾರ್ ಒತ್ತಡ ಸೇರಿದರೆ ಕುದಿಯುವ ಬಿಂದು 125ರ ಆಚೆ ಹೋಗುತ್ತದೆ. ಕ್ಯಾಪಿನ ರಬ್ಬರ್ ಸೋತರೆ ಈ ರಕ್ಷಣೆ ಹೋಯಿತು. ಅದನ್ನು ಮುಳ್ಳೂ ಹೇಳುವುದಿಲ್ಲ, ಫೋನೂ ಹೇಳುವುದಿಲ್ಲ. ಬರೀ ನೀರು ತುಂಬಿಸಿಕೊಂಡು ಓಡಿಸುವವರು ಇದನ್ನು ಯೋಚಿಸಬೇಕು. ತುಕ್ಕಿನ ಕಾಟ ಬೇರೆ.

ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡರೂ ಮುಳ್ಳು ಸುಮ್ನೆ ಇರುತ್ತದೆ. ಹೈವೇಯಲ್ಲಿ ಅಂಕಿ 76, 78ರಲ್ಲೇ ಇದ್ದು 85 ಮುಟ್ಟದಿದ್ದರೆ ಅನುಮಾನ ಪಡಿ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಅಂಕಿಗೂ ಒಂದು ಮಿತಿ ಇದೆ, ಇದು ಮುಖ್ಯ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತಿಗೆ ಬೆಲೆ. ಹೋಸ್ ಒಡೆದು ಕೂಲೆಂಟ್ ಎಲ್ಲ ಸುರಿದುಹೋದರೆ ಸೆನ್ಸರ್ ಬರೀ ಹಬೆಯಲ್ಲಿ ನೇತಾಡುತ್ತದೆ. ಆಗ ಎಂಜಿನ್ನಿನ ಮೇಲ್ಭಾಗ (ಹೆಡ್) ಸುಡುತ್ತಿದ್ದರೂ ಅದು ಕಡಿಮೆ ತೋರಿಸಬಹುದು. ಅದಕ್ಕೇ ಘಾಟ್ ಹತ್ತುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಪಾರದರ್ಶಕ ಡಬ್ಬದಲ್ಲಿ ಕೂಲೆಂಟ್ ಮಟ್ಟ ನೋಡಿಯೇ ಹೊರಡುತ್ತೇನೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ, ಕೈ ಮುಖ ಸುಟ್ಟುಹೋಗುತ್ತದೆ.

ಆ್ಯಪ್‌ನಲ್ಲಿ 106ಕ್ಕೆ ಅಲಾರಂ ಇಟ್ಟಿದ್ದೇನೆ, ಓಡಿಸುವಾಗ ಫೋನ್ ನೋಡುವ ಅಗತ್ಯ ಬರುವುದಿಲ್ಲ. ಅಕಸ್ಮಾತ್ ಹೊಡೆದರೆ ಮೊದಲು ಎ.ಸಿ. ಆಫ್, ಆಮೇಲೆ ಹೀಟರ್ ಫುಲ್. ಹೀಟರ್ ಕೋರ್ ಕೂಡ ಒಂದು ಸಣ್ಣ ರೇಡಿಯೇಟರೇ, ಸೆಕೆ ತಡೆದುಕೊಂಡರೆ ಎಂಜಿನ್ ಉಳಿಯುತ್ತದೆ. ಕೂಲೆಂಟ್ ಸೋರುತ್ತಿಲ್ಲ, ಮುಳ್ಳು ಕೆಂಪು ಮುಟ್ಟಿಲ್ಲ ಎಂದಾದರೆ ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಐಡಲ್ ಬಿಡುತ್ತೇನೆ. ತಕ್ಷಣ ಆಫ್ ಮಾಡಿದರೆ ಪಂಪ್ ನಿಂತು ಅಂಕಿ ಇನ್ನೂ ಐದಾರು ಡಿಗ್ರಿ ಏರುವುದನ್ನು ಕೀ ಆನ್ ಇಟ್ಟು ನೋಡಿದ್ದೇನೆ. ಕೆಂಪು ಮುಟ್ಟಿದರೆ ಮಾತ್ರ ಆಫ್ ಮಾಡಲೇಬೇಕು.

ಗೇಜೇ ಇಲ್ಲದೆ ನೀಲಿ, ಕೆಂಪು ದೀಪ ಮಾತ್ರ ಇರುವ ಕಾರುಗಳಿಗೂ ಈ ಅಡಾಪ್ಟರ್ ಕೆಲಸ ಮಾಡುತ್ತದೆ. ಮನೆಗೆ ಬಂದ ಮೇಲೆ ಕಿತ್ತಿಡಿ. ಸದಾ ಚುಚ್ಚಿಟ್ಟರೆ ಕಾರು ನಿಂತಿದ್ದಾಗಲೂ ಬ್ಯಾಟರಿ ತಿನ್ನುತ್ತಿರುತ್ತದೆ.