ವಿಜ್ಞಾನ ತರಗತಿಯಲ್ಲಿ ಕ್ರಿಯಾ ಸಂಶೋಧನೆ: ಶಿಕ್ಷಕರಿಗೆ ಮತ್ತು ಶಿಕ್ಷಕರನ್ನು ತಯಾರು ಮಾಡುವವರಿಗೆ

ವಿಜ್ಞಾನ ಬೋಧನೆ ಸುಧಾರಿಸಬೇಕು ಎಂದೊಡನೆ ಹೊಸ ಪಠ್ಯಪುಸ್ತಕ, ಹೊಸ ಉಪಕರಣಗಳ ಮಾತು ಬರುತ್ತದೆ. ಅವುಗಳಿಗೆ ಮೊದಲು ಆಗಬೇಕಾದ ಕೆಲಸವೊಂದಿದೆ: ಪಾಠ ಕೇಳಲು ಕುಳಿತಿರುವ ವಿದ್ಯಾರ್ಥಿ ಆ ವಿಷಯದ ಬಗ್ಗೆ ಈಗಾಗಲೇ ಏನನ್ನು ನಂಬಿದ್ದಾನೆ ಎಂಬುದನ್ನು ಬರಹದಲ್ಲಿ ಸಂಗ್ರಹಿಸಿ, ಅದನ್ನು ಓದಿ, ಅದಕ್ಕೆ ತಕ್ಕಂತೆ ಪಾಠವನ್ನು ಬದಲಿಸುವುದು. ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯನ್ನು ತಾವೇ ಪರಿಶೀಲಿಸಿ ಬೋಧನೆಯನ್ನು ಸುಧಾರಿಸಿಕೊಳ್ಳುವುದೇ ಕ್ರಿಯಾ ಸಂಶೋಧನೆ. ಬಿ.ಎಡ್. ವಿದ್ಯಾರ್ಥಿಗಳು ಪ್ರಮಾಣಪತ್ರಕ್ಕಾಗಿ ಬರೆದುಕೊಡುವ ಅದರ ವರದಿಯಲ್ಲಿ ಹೆಚ್ಚಾಗಿ ಕಳೆದುಹೋಗುವುದು ಇದೇ ಭಾಗ.

ಒಂದು ಘಟಕಕ್ಕೆ ಒಂದೇ ಪರಿಕಲ್ಪನೆಯನ್ನು ಆರಿಸಿಕೊಳ್ಳಿ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರೂ ತಡವರಿಸುವಂತಹ ಪ್ರಶ್ನೆಯನ್ನು ಅದರ ಮೇಲೆ ರಚಿಸಿ. ಉದಾಹರಣೆಗೆ, ಒಂದು ಬ್ಯಾಟರಿಗೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದರಂತೆ, ಜೋಡಿಸಿದ ಚಿತ್ರ ಕೊಟ್ಟು, ಯಾವ ಬಲ್ಬು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ, ಏಕೆ ಎಂದು ಕೇಳಬಹುದು. ಇಲ್ಲಿ ‘ಏಕೆ’ ಎಂಬ ಭಾಗವನ್ನು ಬಿಡಲೇಬಾರದು. ಉತ್ತರಕ್ಕೆ ಅಂಕವಿಲ್ಲವೆಂದು ಮೊದಲೇ ಹೇಳಿದರೆ ವಿದ್ಯಾರ್ಥಿಗಳು ಶಿಕ್ಷಕರಿಗೆ ಹಿಡಿಸುವ ಉತ್ತರವನ್ನು ಹುಡುಕುವ ಬದಲು ತಮಗೆ ತೋಚಿದ್ದನ್ನು ಬರೆಯುತ್ತಾರೆ.

ಬಂದ ಉತ್ತರಗಳನ್ನು ಸರಿ-ತಪ್ಪು ಎಂದು ವಿಂಗಡಿಸುವುದರಿಂದ ಪ್ರಯೋಜನ ಕಡಿಮೆ. ಕಾರಣಗಳ ಪ್ರಕಾರ ಗುಂಪು ಮಾಡಿ. ‘ಮೊದಲ ಬಲ್ಬು ವಿದ್ಯುತ್ತನ್ನು ಸ್ವಲ್ಪ ಬಳಸಿಕೊಳ್ಳುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ’ ಎನ್ನುವವರು ಒಂದು ಗುಂಪು. ಬ್ಯಾಟರಿಯ ಎರಡೂ ತುದಿಗಳಿಂದ ಏನೋ ಹೊರಟು ಬಲ್ಬಿನಲ್ಲಿ ಸಂಧಿಸುತ್ತದೆ ಎನ್ನುವವರು ಇನ್ನೊಂದು ಗುಂಪು. ‘ಎರಡೂ ಸಮಾನವಾಗಿ ಉರಿಯುತ್ತವೆ’ ಎಂದು ಸರಿಯಾಗಿಯೇ ಬರೆದು, ಕಾರಣವಾಗಿ ‘ಪ್ರವಾಹ ಅರ್ಧರ್ಧ ಹಂಚಿಹೋಗುತ್ತದೆ’ ಎಂದವರೂ ಸಿಗುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದು ಮುಂದಿನ ತರಗತಿಗೆ ಹೋಗುವವರು ಇವರೇ ಆದ್ದರಿಂದ ಈ ಗುಂಪಿನ ಮೇಲೆ ವಿಶೇಷ ಗಮನವಿರಲಿ.

ಇನ್ನು ಪಾಠ. ‘ಊಹಿಸು, ವೀಕ್ಷಿಸು, ವಿವರಿಸು’ ಎಂಬ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದ ಮೇಲಷ್ಟೇ ಸ್ವಿಚ್ ಒತ್ತಬೇಕು. ಆದರೆ ಒಂದೇ ಬಗೆಯವೆಂದು ಕೊಂಡ ಬಲ್ಬುಗಳೂ ಕೊಂಚ ಹೆಚ್ಚು ಕಡಿಮೆ ಉರಿಯಬಹುದು, ಪ್ರವಾಹ ಖರ್ಚಾಗುತ್ತದೆ ಎಂದು ನಂಬಿದವರು ಆ ಸಣ್ಣ ವ್ಯತ್ಯಾಸವನ್ನೇ ಸಾಕ್ಷಿಯಾಗಿ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಎರಡು ಬಲ್ಬುಗಳ ಸ್ಥಾನವನ್ನು ಅದಲುಬದಲು ಮಾಡಿ ತೋರಿಸಿ. ಮಂಕಾಗಿ ಉರಿಯುವ ಬಲ್ಬು ಎಲ್ಲಿಟ್ಟರೂ ಮಂಕಾಗಿಯೇ ಉರಿಯುವುದನ್ನು ಅವರೇ ನೋಡಲಿ. ಆಮೇಲೆ ಪ್ರವಾಹವನ್ನು ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿಗೆ ಮುಂಚೆ, ಎರಡರ ನಡುವೆ, ಕೊನೆಯಲ್ಲಿ ಹೀಗೆ ಮೂರು ಕಡೆ ಜೋಡಿಸಿ ಅಳೆಯಿಸಿ. ಮೂರೂ ಕಡೆ ಪ್ರವಾಹ ಒಂದೇ ಇರುವುದು, ಅಂದರೆ ಅದು ಖರ್ಚಾಗದಿರುವುದು ಕಾಣುತ್ತದೆ. ‘ಹಾಗಾದರೆ ಬ್ಯಾಟರಿ ಏಕೆ ಮುಗಿದುಹೋಗುತ್ತದೆ?’ ಎಂದು ಯಾರಾದರೂ ಕೇಳಿದರೆ ಪಾಠ ಸರಿಯಾದ ದಾರಿ ಹಿಡಿದಿದೆ ಎಂದರ್ಥ. ಪ್ರವಾಹ ಮತ್ತು ಶಕ್ತಿಯ ನಡುವಿನ ವ್ಯತ್ಯಾಸವನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಬೋಧನೆಯ ಭಾಗವೇ. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದೂ, ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ದೀರ್ಘವಾಗಿ, ಸಕಾರಣವಾಗಿ ಬರುತ್ತವೆ ಎಂದೂ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿದರು. ಖರ್ಚಿಲ್ಲದ ಸುಧಾರಣೆ ಇದು. ಆದರೂ ಆ ಮೌನವನ್ನು ಸಹಿಸುವುದು ಅಭ್ಯಾಸವಿಲ್ಲದವರಿಗೆ ಸುಲಭವಲ್ಲ.

ಫಲಿತಾಂಶವನ್ನು ಅಳೆಯುವಾಗ ಅದೇ ಪ್ರಶ್ನೆಯನ್ನು ಮರಳಿ ಕೇಳಿದರೆ ನೆನಪಿನ ಪರೀಕ್ಷೆಯಾಗುತ್ತದೆ. ಒಂದು ಬಲ್ಬಿನ ಜಾಗದಲ್ಲಿ ಪುಟ್ಟ ಮೋಟಾರು ಇರುವ ಚಿತ್ರ ಕೊಡಿ. ಪಾಠ ಮುಗಿದ ಕೂಡಲೇ ಒಮ್ಮೆ, ಕೆಲವು ವಾರಗಳ ನಂತರ ಇನ್ನೊಮ್ಮೆ ಪರೀಕ್ಷಿಸಿ. ಅಂಕಗಳಿದ್ದರೆ, ಗಳಿಸಲು ಬಾಕಿ ಇದ್ದುದರಲ್ಲಿ ಎಷ್ಟು ಪಾಲು ಗಳಿಸಿದರು ಎಂದು ಲೆಕ್ಕ ಹಾಕಿ: ಮೊದಲು ಶೇ. 40, ನಂತರ ಶೇ. 64 ಬಂದಿದ್ದರೆ, ಬಾಕಿ ಇದ್ದ 60ರಲ್ಲಿ 24, ಅಂದರೆ 0.4. ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ ಅವರು 1998ರಲ್ಲಿ 62 ಭೌತಶಾಸ್ತ್ರ ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಈ ಅಳತೆಯಿಂದ ಹೋಲಿಸಿದಾಗ, ಉಪನ್ಯಾಸವೇ ಪ್ರಧಾನವಾದ ಕೋರ್ಸುಗಳ ಸರಾಸರಿ 0.23, ವಿದ್ಯಾರ್ಥಿಗಳು ಚರ್ಚೆ-ಚಟುವಟಿಕೆಗಳಲ್ಲಿ ತೊಡಗುವ ಕೋರ್ಸುಗಳ ಸರಾಸರಿ 0.48 ಎಂದು ಕಂಡುಬಂತು. ನಿಮ್ಮ ಒಂದೇ ತರಗತಿಯ ಸಂಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ. ಸಣ್ಣ ತರಗತಿಯಲ್ಲಿ ಸರಾಸರಿಗಿಂತ, ಯಾವ ಗುಂಪಿನವರು ಯಾವ ಗುಂಪಿಗೆ ಬಂದರು ಎಂಬ ಕೋಷ್ಟಕವೇ ಹೆಚ್ಚು ಹೇಳುತ್ತದೆ.

ಶಿಕ್ಷಕ ಶಿಕ್ಷಣದಲ್ಲಿ ವಿಷಯಜ್ಞಾನವನ್ನು ಒಂದು ಕಡೆ, ಬೋಧನಾ ವಿಧಾನವನ್ನು ಇನ್ನೊಂದು ಕಡೆ ಕಲಿಸುವ ರೂಢಿ ಇದೆ. ಇವೆರಡರ ನಡುವೆ ಬೀಳುವ ಜ್ಞಾನವನ್ನು, ಅಂದರೆ ಒಂದು ನಿರ್ದಿಷ್ಟ ವಿಷಯ ಕಲಿಯುವವರಿಗೆ ಎಲ್ಲಿ ಕಠಿಣವಾಗುತ್ತದೆ, ಯಾವ ಚಿತ್ರ ಅಥವಾ ಪ್ರಯೋಗ ಅಲ್ಲಿ ನೆರವಾಗುತ್ತದೆ ಎಂಬ ತಿಳಿವಳಿಕೆಯನ್ನು, 1986ರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ ಪ್ರತ್ಯೇಕವಾಗಿ ಗುರುತಿಸಿದರು. ಒಂದು ದಿನದ ಕಾರ್ಯಾಗಾರದಲ್ಲಿ ಭಾಷಣ ಕೇಳಿ ಇದು ಬರುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರಶಿಕ್ಷಣಾರ್ಥಿಗಳ ಕೈಗೆ ಹೆಸರು ತೆಗೆದ ಉತ್ತರ ಪತ್ರಿಕೆಗಳನ್ನೇ ಕೊಟ್ಟು ಗುಂಪು ಮಾಡಿಸಿ. ಮೊದಲು ತಾವೇ ಆ ಪ್ರಶ್ನೆಗೆ ಉತ್ತರ ಬರೆಯಲಿ, ಏಕೆಂದರೆ ಪದವಿ ಪಡೆದವರಲ್ಲೂ ಅದೇ ತಪ್ಪು ಕಲ್ಪನೆಗಳು ಉಳಿದಿರುವುದುಂಟು.

ಸೇವೆಯಲ್ಲಿರುವವರಿಗೆ ಜಪಾನಿನ ಪಾಠ ಅಧ್ಯಯನ ಪದ್ಧತಿ ಒಳ್ಳೆಯ ಮಾದರಿ. ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ವಿದ್ಯಾರ್ಥಿಗಳನ್ನು ಗಮನಿಸಿ ಬರೆದುಕೊಳ್ಳುತ್ತಾರೆ. ಬಳಿಕ ನಡೆಯುವ ಚರ್ಚೆ ಬೋಧಿಸಿದವರ ಧ್ವನಿ, ಕಪ್ಪುಹಲಗೆಯ ಬರವಣಿಗೆಯ ಕಡೆ ಜಾರದಂತೆ ನೋಡಿಕೊಳ್ಳಿ. ಯಾವ ವಿದ್ಯಾರ್ಥಿ ಎಲ್ಲಿ ತಡೆದು ನಿಂತ, ಯಾವ ಮಾತಿನಿಂದ ಮುಂದೆ ಸಾಗಿದ ಎಂಬುದಷ್ಟೇ ಚರ್ಚೆಯಾಗಲಿ. ಕೊನೆಗೆ ಬಳಸಿದ ಪ್ರಶ್ನೆ, ಉತ್ತರಗಳ ಗುಂಪುಗಳು, ಮಾಡಿದ ಬದಲಾವಣೆ, ಮುಂದಿನ ಸಲ ಬದಲಿಸಬೇಕಾದದ್ದು ಇವಿಷ್ಟನ್ನು ಒಂದೇ ಪುಟದಲ್ಲಿ ಬರೆದು, ಬರುವ ವರ್ಷ ಅದೇ ಘಟಕವನ್ನು ಬೋಧಿಸುವವರಿಗೆ ಪಾಠಯೋಜನೆಯ ಜೊತೆಗೇ ಒಪ್ಪಿಸಿ.